ಮಂಡಕ್ಕಿ ತೇಲುತ್ತದೆ, ಅಕ್ಕಿ ಮುಳುಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಬಕೆಟ್, ಒಂದು ಪೊಟ್ಟಣ ಕಲ್ಲುಪ್ಪು, ನಾಲ್ಕು ಮೊಟ್ಟೆ, ಎರಡು ಸೇರು ಮಂಡಕ್ಕಿ. ದಾವಣಗೆರೆ ಸುತ್ತಲಿನ ಶಾಲೆಗಳಿಗೆ ನಾನು ಹೋಗುವಾಗ ಸ್ಕೂಟರಿನಲ್ಲಿ ಇರುವ ಸಾಮಾನು ಇಷ್ಟೇ. ಪಾಠ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಪ್ರಶ್ನೆಗಳು ಮುಗಿಯುವುದಿಲ್ಲ. ಮಕ್ಕಳಲ್ಲದೆ ಬಾಗಿಲಲ್ಲಿ ನಿಂತು ಕೇಳುವ ತಂದೆ ತಾಯಿಯರು, ಬಿಸಿಯೂಟದ ಅಡುಗೆಯವರು, ಗದ್ದೆಯಿಂದ ನೇರ ಬಂದ ರೈತರು ಕೇಳಿದವೂ ಇವುಗಳಲ್ಲಿ ಸೇರಿವೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡೇ ಸಾಲು.

ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ. ಇಷ್ಟೇ ತಾನೇ?

ಅಲ್ಲ. ಎರಡು ಕ್ವಿಂಟಾಲ್ ತೂಗುವ ಒಣಗಿದ ಸಾಗವಾನಿ ದಿಮ್ಮಿ ಭದ್ರಾ ಕಾಲುವೆಯಲ್ಲಿ ತೇಲಿಕೊಂಡು ಹೋಗುತ್ತದೆ. ಅದೇ ಕಾಲುವೆಗೆ ಜೇಬಿನಿಂದ ಜಾರಿದ ಒಂದು ರೂಪಾಯಿ ನಾಣ್ಯ ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಭಾರ ಎಂದ ಕೂಡಲೇ ಕೇಳಬೇಕಾದದ್ದು ಯಾವುದಕ್ಕಿಂತ ಭಾರ ಎಂದು.

ನಮ್ಮ ಅಜ್ಜಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಳೆಯುವುದು ಬೇರೆ, ತೂಗುವುದು ಬೇರೆ ಎಂಬುದನ್ನು ಅವರು ಸಂತೆಯಲ್ಲೇ ಕಲಿತಿದ್ದರು. ಮಂಡಕ್ಕಿ ಸೇರಿನ ಲೆಕ್ಕ, ಬೆಲ್ಲ ತೂಕದ ಲೆಕ್ಕ. ಈಗ ಒಂದು ಲೀಟರ್ ಹಿಡಿಯುವ ಪಾತ್ರೆ ತೆಗೆದುಕೊಳ್ಳಿ. ನೀರು ತುಂಬಿ ತೂಗಿದರೆ 1 ಕಿಲೋ. ಕಡಲೆಕಾಯಿ ಎಣ್ಣೆ ತುಂಬಿದರೆ ಸುಮಾರು 910 ಗ್ರಾಂ. ಜೇನುತುಪ್ಪ 1 ಕಿಲೋ 400 ಗ್ರಾಂ ಆಸುಪಾಸು. ಪಾದರಸವನ್ನೇ ತುಂಬಿದರೆ 13.6 ಕಿಲೋ. ಜಾಗ ಒಂದೇ, ತೂಕ ಬೇರೆ ಬೇರೆ. ಇಷ್ಟು ಜಾಗಕ್ಕೆ ಎಷ್ಟು ತೂಕ ಎಂಬ ಈ ಲೆಕ್ಕವನ್ನೇ ಪುಸ್ತಕದಲ್ಲಿ ಸಾಂದ್ರತೆ ಎನ್ನುತ್ತಾರೆ. ಒಂದು ವಸ್ತು ಹಿಡಿದಿರುವ ಜಾಗದಲ್ಲಿ ನೀರೇ ಇದ್ದಿದ್ದರೆ ಎಷ್ಟು ತೂಗುತ್ತಿತ್ತೋ, ಅದಕ್ಕಿಂತ ವಸ್ತು ಹೆಚ್ಚು ತೂಗಿದರೆ ಮುಳುಗುತ್ತದೆ, ಕಡಿಮೆ ತೂಗಿದರೆ ತೇಲುತ್ತದೆ.

ಒಂದು ಲೀಟರ್ ಅಕ್ಕಿ 800 ಗ್ರಾಂ ತೂಗುತ್ತದೆ. ನೀರು ಒಂದು ಕಿಲೋ. ಹಾಗಾದರೆ ಅಕ್ಕಿ ತೇಲಬೇಕಲ್ಲ?

ಹರಿಹರದ ಕಡೆಯ ಒಂದು ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಇದನ್ನು ಕೇಳಿದಾಗ ನಾನು ಒಂದು ಕ್ಷಣ ತಬ್ಬಿಬ್ಬಾದೆ. ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಲೆಕ್ಕ ಸರಿಯಾಗಿಯೇ ಇದೆ. ಪಾತ್ರೆಯ ತುಂಬ ಅಕ್ಕಿ ಹಾಕಿ ತೂಗಿದರೆ 800 ಗ್ರಾಂ ಆಸುಪಾಸೇ ಬರುತ್ತದೆ. ಆದರೆ ಅಕ್ಕಿ ತೊಳೆಯಲು ಹಾಕಿದರೆ ಒಂದು ಕಾಳೂ ಮೇಲೆ ನಿಲ್ಲದೆ ತಳ ಸೇರುತ್ತದೆ.

ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಅವಳ ಕೈಗೇ ನೀರಿನ ಲೋಟ ಕೊಟ್ಟೆ. ಅಂಚಿನವರೆಗೆ ಅಕ್ಕಿ ತುಂಬಿದ ಆ ಪಾತ್ರೆಗೆ ನಿಧಾನವಾಗಿ ನೀರು ಹೊಯ್ಯುತ್ತಾ ಹೋದಳು. ತುಂಬಿದ ಪಾತ್ರೆ ಎಂದುಕೊಂಡಿದ್ದೆವು. ಅದು 400 ಮಿಲಿಲೀಟರಿಗೂ ಹೆಚ್ಚು ನೀರು ಕುಡಿಯಿತು. ಗುಳ್ಳೆಗಳು ಬುಳುಬುಳು ಎಂದು ಮೇಲೆ ಬಂದವು. ಆ ಗುಳ್ಳೆಗಳೇ ಉತ್ತರ. ಕಾಳು ಕಾಳಿನ ನಡುವೆ ಗಾಳಿಯಿತ್ತು, ಅದನ್ನೂ ನಾವು ಅಕ್ಕಿಯ ಜಾಗವೆಂದೇ ಲೆಕ್ಕ ಹಿಡಿದಿದ್ದೆವು. ನಿಜವಾದ ಅಕ್ಕಿ ಹಿಡಿದದ್ದು ಸುಮಾರು 550 ಮಿಲಿಲೀಟರ್ ಜಾಗ ಮಾತ್ರ. ಅಷ್ಟು ಜಾಗದ ನೀರು 550 ಗ್ರಾಂ, ಅಕ್ಕಿ 800 ಗ್ರಾಂ. ಇನ್ನು ಮುಳುಗದೆ ಏನು ಮಾಡೀತು?

ಹಾಗಾಗಿ ನಾನು ಅಂದಿನಿಂದ ನಿಯಮವನ್ನು ಸ್ವಲ್ಪ ತಿದ್ದಿ ಹೇಳುತ್ತೇನೆ. ಲೆಕ್ಕಕ್ಕೆ ಬರುವ ಜಾಗ ಯಾವುದೆಂದರೆ ನೀರಿಗೆ ಪ್ರವೇಶವಿಲ್ಲದ ಜಾಗ. ನೀರು ಒಳಗೆ ನುಗ್ಗಬಲ್ಲ ಸಂದುಗೊಂದುಗಳು ಲೆಕ್ಕಕ್ಕಿಲ್ಲ. ನೀರನ್ನು ಹೊರಗೇ ತಡೆದು ನಿಲ್ಲಿಸಿರುವ ಗಾಳಿ ಪೂರಾ ಲೆಕ್ಕಕ್ಕಿದೆ. ಮುಂದಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಿಂದಲೇ ಬಿಡಿಸಿಕೊಳ್ಳುತ್ತವೆ.

ಮಂಡಕ್ಕಿಯೂ ಅಕ್ಕಿಯೇ ಅಲ್ಲವೇ? ಅದೇಕೆ ತೇಲುತ್ತದೆ?

ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿಯೊಳಗಿನ ತೇವ ಒಮ್ಮೆಲೇ ಆವಿಯಾಗಿ ಕಾಳನ್ನು ಒಳಗಿನಿಂದ ಉಬ್ಬಿಸುತ್ತದೆ. ತೂಕ ಹೆಚ್ಚಲಿಲ್ಲ, ಜಾಗ ಮಾತ್ರ ಹಲವು ಪಟ್ಟು ಹೆಚ್ಚಿತು. ಉಬ್ಬಿದ ಕಾಳಿನ ಒಳಗೆಲ್ಲ ಸಣ್ಣ ಸಣ್ಣ ಗೂಡುಗಳು, ಗೂಡುಗಳಲ್ಲಿ ಗಾಳಿ. ಒಗ್ಗರಣೆ ಮಂಡಕ್ಕಿ ಮಾಡುವವರು ಗಮನಿಸಿರುತ್ತೀರಿ: ಬುಟ್ಟಿಯಷ್ಟು ಮಂಡಕ್ಕಿಯನ್ನು ನೀರಿಗೆ ಹಾಕಿದರೆ ಅದು ಮೇಲೆ ಮೇಲೆಯೇ ಆಡುತ್ತದೆ, ಅಂಗೈಯಿಂದ ಒತ್ತಿ ಹಿಡಿಯಬೇಕು. ಬಿಟ್ಟ ತಕ್ಷಣ ಮತ್ತೆ ಮೇಲೇಳುತ್ತದೆ. ಒಂದೆರಡು ನಿಮಿಷ ಬಿಟ್ಟು ನೋಡಿ. ನೀರು ಗೂಡುಗಳೊಳಗೆ ಹೊಕ್ಕಿದೆ, ಕಾಳು ಮೆತ್ತಗಾಗಿದೆ, ಮೊದಲಿನ ಹಾರಾಟವಿಲ್ಲ. ನೀರಿಗೆ ಪ್ರವೇಶ ಸಿಕ್ಕಿತು, ತೇಲುವ ಜಾಗ ಕರಗಿತು. ಆ ಹೊತ್ತಿಗೆ ಹಿಂಡಿ ತೆಗೆಯದಿದ್ದರೆ ತಿಂಡಿಯೂ ಕೆಡುತ್ತದೆ. ಅದು ಭೌತಶಾಸ್ತ್ರದ ವಿಷಯವಲ್ಲ.

ನೀರಿಗೆ ಕೈಯಿಲ್ಲ, ಕಾಲಿಲ್ಲ. ಅದು ವಸ್ತುವನ್ನು ಮೇಲಕ್ಕೆ ಹೇಗೆ ನೂಕುತ್ತದೆ?

ಬಾವಿಯಿಂದ ನೀರು ಸೇದಿದವರು ಇದನ್ನು ಕೈಯಲ್ಲೇ ಬಲ್ಲರು. ಎರಡು ಕಿಲೋ ತೂಕದ ತಾಮ್ರದ ಕೊಡ, ಹತ್ತು ಲೀಟರ್ ನೀರು ಹಿಡಿಯುವಂಥದ್ದು ಎಂದುಕೊಳ್ಳಿ. ತುಂಬಿದ ಕೊಡ ನೀರಿನೊಳಗೇ ಇರುವವರೆಗೆ ಹಗ್ಗಕ್ಕೆ ಎರಡು ಕಿಲೋ ಭಾರವೂ ತಾಗುವುದಿಲ್ಲ. ಕೊಡದ ಕಂಠ ನೀರಿನಿಂದ ಹೊರಬಂತೋ, ರಾಟೆ ಕಿರುಗುಟ್ಟುತ್ತದೆ, ಹಗ್ಗ ಬಿಗಿಯುತ್ತದೆ, ಅಂಗೈ ಉರಿಯುತ್ತದೆ. ಕೊಡ ಪೂರ್ತಿ ಹೊರಬಂದಾಗ 12 ಕಿಲೋ. ಅಲ್ಲಿಯವರೆಗೆ ಆ ಹತ್ತು ಕಿಲೋವನ್ನು ಹೊತ್ತಿದ್ದು ಬಾವಿಯ ನೀರು.

ಕಾರಣ ಇಷ್ಟು. ನೀರಿನಲ್ಲಿ ಆಳಕ್ಕೆ ಹೋದಂತೆ ಒತ್ತಡ ಹೆಚ್ಚುತ್ತದೆ. ಮುಳುಗಿರುವ ಯಾವುದೇ ವಸ್ತುವಿನ ತಳ ಅದರ ತಲೆಗಿಂತ ಆಳದಲ್ಲಿರುತ್ತದೆ. ಹಾಗಾಗಿ ತಳದಿಂದ ಮೇಲಕ್ಕೆ ಒತ್ತುವ ನೂಕು ತಲೆಯ ಮೇಲಿಂದ ಕೆಳಕ್ಕೆ ಒತ್ತುವ ನೂಕಿಗಿಂತ ಹೆಚ್ಚು. ಈ ಹೆಚ್ಚುವರಿಯೇ ಪ್ಲವನ ಬಲ. ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸಿದೆಯೋ ಅಷ್ಟು ನೀರಿನ ತೂಕಕ್ಕೆ ಅದು ಸಮ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸ್ ಹೇಳಿದ್ದು ಇದನ್ನೇ.

ಕಬ್ಬಿಣದ ಮೊಳೆ ಮುಳುಗುತ್ತದೆ, ಕಬ್ಬಿಣದ ಹಡಗು ತೇಲುತ್ತದೆ. ಇದು ಮೋಸವಲ್ಲವೇ?

ಅಡುಗೆಮನೆಯಲ್ಲೇ ಲೆಕ್ಕ ಹಾಕೋಣ. 600 ಮಿಲಿಲೀಟರ್ ಹಿಡಿಯುವ ಸ್ಟೀಲ್ ಬಟ್ಟಲು, ತೂಕ 200 ಗ್ರಾಂ. ಇದರಲ್ಲಿರುವ ಉಕ್ಕಿನ ನಿಜವಾದ ಜಾಗ ಸುಮಾರು 25 ಮಿಲಿಲೀಟರ್ ಮಾತ್ರ. ಬಟ್ಟಲನ್ನು ಬಡಿದು ಉಂಡೆ ಮಾಡಿದರೆ 25 ಗ್ರಾಂ ನೀರನ್ನಷ್ಟೇ ಸರಿಸಬಲ್ಲದು, 200 ಗ್ರಾಂ ಭಾರ ಹೊರಲು ಅದು ಸಾಲದು, ಮುಳುಗುತ್ತದೆ. ಬಟ್ಟಲಾಗಿಯೇ ಇದ್ದರೆ 200 ಮಿಲಿಲೀಟರ್ ನೀರನ್ನು ಸರಿಸುವಷ್ಟು ಇಳಿದು ಅಲ್ಲಿ ನಿಲ್ಲುತ್ತದೆ. ಇನ್ನೂ 425 ಗ್ರಾಂ ಹೇರಬಹುದು. ಅಷ್ಟು ಹೇರಿದ ಮೇಲೆ ಅಂಚು ನೀರಿನ ಮಟ್ಟಕ್ಕೆ ಬರುತ್ತದೆ, ಆಮೇಲೆ ಒಂದು ಹಿಡಿ ಬೇಳೆ ಹಾಕಿದರೂ ಗೋವಿಂದ. ಮಕ್ಕಳಿಗೆ ಇದನ್ನು ತೊಗರಿಬೇಳೆ ಹಾಕಿಯೇ ಆಡಿಸುತ್ತೇನೆ. ಯಾರ ಊಹೆ ಹತ್ತಿರ ಬಂತು ಎಂದು ಜಗಳ ಆಗುವುದುಂಟು.

ಹರಿಹರದಲ್ಲಿ ತುಂಗಭದ್ರೆಯ ಹರಿಗೋಲು ಕಂಡವರಿಗೆ ಇದೇ ಲೆಕ್ಕ ದೊಡ್ಡದಾಗಿ ಕಾಣುತ್ತದೆ. ಬಿದಿರಿನ ಹೆಣಿಗೆಯಲ್ಲಿ ನೂರಾರು ಸಂದುಗಳಿವೆ. ಹಿಂದೆ ತೊಗಲು, ಈಗ ಟಾರ್ಪಾಲು ಹೊದಿಸಿ ಆ ಸಂದುಗಳಿಗೆ ನೀರು ಬಾರದಂತೆ ಮಾಡುತ್ತಾರೆ. ಎರಡು ಮೀಟರ್ ಅಗಲದ ಚಪ್ಪಟೆ ತಳದ ಹರಿಗೋಲು 10 ಸೆಂಟಿಮೀಟರ್ ಇಳಿದರೆ ಸುಮಾರು 314 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ. ಅಂದರೆ ಪ್ರತಿ ಐದು ಜನ ಹತ್ತಿದಂತೆ ಒಂದು ಗೇಣಿನ ಅರ್ಧದಷ್ಟು ಇಳಿಯುತ್ತದೆ. ಅಂಬಿಗ ಆರನೆಯವನನ್ನು ಬೇಡವೆಂದರೆ ಅವನಿಗೆ ಈ ಲೆಕ್ಕ ಗೊತ್ತಿದೆ ಎಂದರ್ಥ. ಜಗಳವಾಡಬೇಡಿ.

ಆರ್ಕಿಮಿಡೀಸ್ ಬೆತ್ತಲೆ ಓಡಿದ್ದು ನಿಜವೇ?

ರಾಜನ ಕಿರೀಟದ ಬಂಗಾರಕ್ಕೆ ಅಕ್ಕಸಾಲಿಗ ಬೆಳ್ಳಿ ಬೆರೆಸಿದ್ದಾನೆಯೇ ಎಂದು ಕಂಡುಹಿಡಿಯುವ ಉಪಾಯ ಸ್ನಾನದ ತೊಟ್ಟಿಯಲ್ಲಿ ಹೊಳೆದು, ಆರ್ಕಿಮಿಡೀಸ್ ಬೆತ್ತಲೆಯೇ ಬೀದಿಗೆ ಓಡಿದ ಎಂಬುದು ಕತೆ. ಅದನ್ನು ನಮಗೆ ಹೇಳಿದವನು ವಿಟ್ರುವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿ, ಅದೂ ಸುಮಾರು ಇನ್ನೂರು ವರ್ಷಗಳ ನಂತರ. ಆರ್ಕಿಮಿಡೀಸ್ ಸ್ವತಃ ಬರೆದು ಇಂದಿಗೆ ಉಳಿದಿರುವುದರಲ್ಲಿ ಕಿರೀಟದ ಸುದ್ದಿಯಿಲ್ಲ. ನನಗೆ ಓಟದ ಬಗ್ಗೆಗಿಂತ ಕಿರೀಟದ ಬಗ್ಗೆ ಅನುಮಾನ ಹೆಚ್ಚು. ಒಂದು ಕಿಲೋ ಅಪ್ಪಟ ಬಂಗಾರ ಸುಮಾರು 52 ಘನ ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ಅದರಲ್ಲಿ 300 ಗ್ರಾಂ ತೆಗೆದು ಅಷ್ಟೇ ತೂಕದ ಬೆಳ್ಳಿ ಬೆರೆಸಿದ್ದರೆ 65. ವ್ಯತ್ಯಾಸ 13. ಒಂದು ಗೇಣು ಅಗಲದ ಪಾತ್ರೆಯಲ್ಲಿ ಇದರಿಂದ ನೀರಿನ ಮಟ್ಟ ಅರ್ಧ ಮಿಲಿಮೀಟರೂ ಏರುವುದಿಲ್ಲ. ಚೆಲ್ಲಿದ ನೀರು ಅಳೆದು ಕಳ್ಳನನ್ನು ಹಿಡಿಯುವುದು ಕಷ್ಟ. ತಕ್ಕಡಿಯ ಒಂದು ಕಡೆ ಕಿರೀಟ, ಇನ್ನೊಂದು ಕಡೆ ಅಷ್ಟೇ ತೂಕದ ಬಂಗಾರ ಇಟ್ಟು, ಎರಡನ್ನೂ ನೀರಿನಲ್ಲಿ ಮುಳುಗಿಸಿ ತೂಗಿದರೆ 13 ಗ್ರಾಂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗೆಲಿಲಿಯೊ 1586ರಲ್ಲಿ, ಇನ್ನೂ 22ರ ಹುಡುಗನಾಗಿದ್ದಾಗ, ಹೀಗೆಯೇ ಮಾಡಿರಬೇಕೆಂದು ವಾದಿಸಿದ.

ಮನೆಯಲ್ಲಿ ಬಂಗಾರವನ್ನು ಹೀಗೆ ಪರೀಕ್ಷಿಸಬಹುದೇ?

ಗ್ರಾಮಿನ ನೂರನೆಯ ಒಂದು ಭಾಗ ತೋರಿಸುವ ಡಿಜಿಟಲ್ ತಕ್ಕಡಿ ಇದ್ದರೆ ಒಂದು ಮಟ್ಟಿಗೆ ಆಗುತ್ತದೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆ ಮಾಡಿ. ಉಂಗುರವನ್ನು ತೆಳ್ಳನೆಯ ದಾರಕ್ಕೆ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನೊಳಗೆ ಇಳಿಬಿಡಿ. ನೀರು ಉಂಗುರವನ್ನು ಮೇಲಕ್ಕೆ ನೂಕುತ್ತದೆ, ಉಂಗುರ ನೀರನ್ನು ಅಷ್ಟೇ ಕೆಳಕ್ಕೆ ನೂಕುತ್ತದೆ. ತಕ್ಕಡಿ ಅದನ್ನು ತೋರಿಸುತ್ತದೆ. 10 ಗ್ರಾಮಿನ 22 ಕ್ಯಾರೆಟ್ ಉಂಗುರಕ್ಕೆ 0.57ರ ಹತ್ತಿರ ಬರಬೇಕು. ಹಿತ್ತಾಳೆಯಾದರೆ 1.2ರ ಹತ್ತಿರ. ಆದರೆ ಒಳಗೆ ಅರಗು ತುಂಬಿದ ಗುಂಡು, ಹರಳು ಕೂರಿಸಿದ ಓಲೆ, ಟೊಳ್ಳು ಬಳೆ ಇವಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಟಂಗ್‌ಸ್ಟನ್ ಲೋಹದ ಸಾಂದ್ರತೆಯಂತೂ ಬಂಗಾರಕ್ಕೆ ಹೆಚ್ಚುಕಡಿಮೆ ಸಮ. ಈ ಪರೀಕ್ಷೆ ನೆಚ್ಚಿಕೊಂಡು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕುವುದೇಕೆ? ಬರೀ ನೀರು ಸಾಲದೇ?

ಬರೀ ನೀರಿನಲ್ಲಿ ಪೂರ್ತಿ ಜೊಳ್ಳು ಮಾತ್ರ ತೇಲುತ್ತದೆ. ಅರ್ಧಂಬರ್ಧ ತುಂಬಿದ ಕಾಳು ನೀರಿಗಿಂತ ತುಸು ಭಾರವಿರುತ್ತದೆ, ಗಟ್ಟಿ ಕಾಳಿನ ಜೊತೆಯಲ್ಲೇ ತಳ ಸೇರಿ ನಿಮ್ಮನ್ನು ಏಮಾರಿಸುತ್ತದೆ. ಹಾಗಾಗಿ ನೀರನ್ನೇ ಭಾರ ಮಾಡಬೇಕು. ಹತ್ತು ಲೀಟರ್ ನೀರಿಗೆ ಒಂದರಿಂದ ಒಂದೂವರೆ ಕಿಲೋ ಉಪ್ಪು ಕರಗಿಸಿದರೆ ನೀರಿನ ಸಾಂದ್ರತೆ ಲೀಟರಿಗೆ 1.06ರಿಂದ 1.1 ಕಿಲೋವರೆಗೆ ಏರುತ್ತದೆ. ಈಗ ಅರೆ ಜೊಳ್ಳೂ ಮೇಲೆ ಬರುತ್ತದೆ.

ಉಪ್ಪು ಸಾಕೋ ಬೇಕೋ ಎಂದು ತಿಳಿಯಲು ತಕ್ಕಡಿ ಬೇಡ, ಒಂದು ತಾಜಾ ಕೋಳಿಮೊಟ್ಟೆ ಸಾಕು. ಸಿಹಿನೀರಿನಲ್ಲಿ ಅದು ಮುಳುಗಿ ತಳದಲ್ಲಿ ಅಡ್ಡ ಮಲಗುತ್ತದೆ. ಉಪ್ಪು ಹಾಕಿ ಕದಡುತ್ತಾ ಹೋದಂತೆ ಮೊದಲು ಅದರ ಒಂದು ತುದಿ ಏಳುತ್ತದೆ, ಆಮೇಲೆ ನಡುನೀರಿನಲ್ಲಿ ತೊನೆಯುತ್ತದೆ, ಕೊನೆಗೆ ಮೇಲೆ ಬಂದು ನಾಣ್ಯದಗಲ ತಲೆ ತೋರಿಸುತ್ತದೆ. ಅಲ್ಲಿಗೆ ನಿಲ್ಲಿಸಿ ಬೀಜ ಸುರಿಯಿರಿ. ತೇಲಿದ್ದನ್ನು ತೆಗೆದುಹಾಕಿ, ತಳದ್ದನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಉಪ್ಪು ಉಳಿದರೆ ಮೊಳಕೆ ಕೆಡುತ್ತದೆ. ಮೊಟ್ಟೆ ಮಾತ್ರ ತಾಜಾ ಇರಬೇಕು. ಹಳೆಯ ಮೊಟ್ಟೆಯ ತೇವ ಚಿಪ್ಪಿನ ಸಣ್ಣ ರಂಧ್ರಗಳಿಂದ ಆರಿ, ಒಳಗಿನ ಗಾಳಿಗೂಡು ದೊಡ್ಡದಾಗಿರುತ್ತದೆ. ಅದು ಸಿಹಿನೀರಿನಲ್ಲೇ ತೇಲಿ ಸುಳ್ಳು ಸಾಕ್ಷಿ ಹೇಳುತ್ತದೆ.

ಮಿರ್ಚಿ ಎಣ್ಣೆಗೆ ಹಾಕಿದಾಗ ಮೊದಲು ಮುಳುಗಿ ಆಮೇಲೆ ಮೇಲೆ ಬರುತ್ತದಲ್ಲ, ಏಕೆ?

ಇದು ನನ್ನ ಅಚ್ಚುಮೆಚ್ಚಿನ ಪ್ರಶ್ನೆ, ಪ್ರಯೋಗ ಮುಗಿದ ಮೇಲೆ ಮಂಡಕ್ಕಿಯ ಜೊತೆ ತಿನ್ನಲೂಬಹುದು. ಬಾಣಲೆಯ ಎಣ್ಣೆ ನೀರಿಗಿಂತ ಹಗುರ. ಕಾದು ಹಿಗ್ಗಿದಾಗ ಅದರ ಸಾಂದ್ರತೆ 0.8ರ ಹತ್ತಿರಕ್ಕೆ ಇಳಿದಿರುತ್ತದೆ. ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಅದಕ್ಕಿಂತ ಭಾರ. ಬಿಟ್ಟ ಕೂಡಲೇ ಚೊಂಯ್ ಎಂದು ಕೆಳಗಿಳಿಯುತ್ತದೆ. ತಳದಲ್ಲಿ ಹಿಟ್ಟಿನ ನೀರು ಆವಿಯಾಗಲು ಶುರು. ಒಂದು ಗ್ರಾಂ ನೀರು ಆವಿಯಾದರೆ 1.7 ಲೀಟರಿನಷ್ಟು ಜಾಗ ಬೇಡುತ್ತದೆ. ಹೊರಗಿನ ಹಿಟ್ಟು ಗಟ್ಟಿಯಾಗಿ ಚಿಪ್ಪು ಕಟ್ಟಿರುವುದರಿಂದ ಆವಿ ಒಳಗಿನಿಂದ ಉಬ್ಬಿಸುತ್ತದೆ, ನೀರು ಹೋದಷ್ಟೂ ತೂಕ ಇಳಿಯುತ್ತದೆ. ಜಾಗ ಹೆಚ್ಚಿತು, ತೂಕ ಇಳಿಯಿತು: ಮಿರ್ಚಿ ನಿಧಾನವಾಗಿ ಮೇಲೆದ್ದು ಮಗ್ಗುಲಾಗುತ್ತದೆ. ಹಿಟ್ಟು ತೀರಾ ಗಟ್ಟಿ ಕಲಸಿದರೆ ಅದು ಮೇಲೇಳಲು ಹೊತ್ತು ಹಿಡಿಯುತ್ತದೆ. ಚಿಟಿಕೆ ಸೋಡಾ ಹಾಕುವುದರ ಗುಟ್ಟೂ ಇದೇ.

ಇಲ್ಲಿಯೇ ಒಂದು ಎಚ್ಚರಿಕೆ. ಬಾಣಲೆಯ ಎಣ್ಣೆಗೆ ಬೆಂಕಿ ಹೊತ್ತಿಕೊಂಡರೆ ನೀರು ಎರಚಲೇಬೇಡಿ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಸಿಡಿದು ಆವಿಯಾಗಿ ಉರಿಯುವ ಎಣ್ಣೆಯನ್ನು ಸೂರಿಗೆ ಚಿಮ್ಮಿಸುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ.

ಬೆಣ್ಣೆ ಮಜ್ಜಿಗೆಯ ಮೇಲೆ ತೇಲುವುದೂ ಹೀಗೆಯೇ?

ಹೌದು. ಬೆಣ್ಣೆ 0.91ರ ಆಸುಪಾಸು, ಮಜ್ಜಿಗೆ ನೀರಿಗಿಂತ ತುಸು ಭಾರ. ಹಾಲಿನಲ್ಲಿ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಚದುರಿರುತ್ತದೆ. ಕಡಗೋಲು ಅವನ್ನು ಒಂದಕ್ಕೊಂದು ಬಡಿದು ಕೂಡಿಸುತ್ತದೆ, ಕೂಡಿದ ಮೇಲೆ ತೇಲುವುದಕ್ಕೆ ತಡವಿಲ್ಲ. ಬೆಣ್ಣೆ ದೋಸೆಯ ಮೇಲೆ ಅದು ತೇಲುವುದಕ್ಕೆ ಕಾರಣ ಬೇರೆ, ಹೋಟೆಲಿನವರ ಧಾರಾಳತನ.

ಹಾಲು ಅಳೆಯುವ ಲ್ಯಾಕ್ಟೋಮೀಟರನ್ನು ನಂಬಬಹುದೇ?

ಅರ್ಧ ನಂಬಿ. ಹಾಲಿನಲ್ಲಿ ತೇಲಿಬಿಡುವ, ಅಂಕಿ ಬರೆದ ಗಾಜಿನ ಕಡ್ಡಿ ಅದು; ಹಾಲಿನ ಸಾಂದ್ರತೆಯನ್ನು ಮಾತ್ರ ಓದುತ್ತದೆ. ಒಳ್ಳೆಯ ಹಾಲಿಗೆ ಸಾಮಾನ್ಯವಾಗಿ 28ರಿಂದ 32, ಅಂದರೆ 1.028ರಿಂದ 1.032. ನೀರು ಬೆರೆಸಿದರೆ ಕಡ್ಡಿ ಹೆಚ್ಚು ಮುಳುಗಿ ಅಂಕಿ ಇಳಿಯುತ್ತದೆ. ಆದರೆ ಕೆನೆ ತೆಗೆದರೆ ಅಂಕಿ ಏರುತ್ತದೆ, ಏಕೆಂದರೆ ಹಗುರವಾದ ಭಾಗವೇ ಹೋಯಿತು. ಕೆನೆಯನ್ನೂ ತೆಗೆದು ಅಳತೆಗೆ ತಕ್ಕಷ್ಟು ನೀರನ್ನೂ ಬೆರೆಸಿದ ಜಾಣನ ಹಾಲಿಗೆ ಲ್ಯಾಕ್ಟೋಮೀಟರ್ ಸೈ ಎಂದುಬಿಡುತ್ತದೆ. ಅದಕ್ಕೇ ಡೇರಿಯಲ್ಲಿ ಕೊಬ್ಬಿನ ಅಂಶವನ್ನು ಬೇರೆಯಾಗಿ ನೋಡುತ್ತಾರೆ.

ತೇಲುವ ಕಲ್ಲು ಎಂದು ತೋರಿಸುತ್ತಾರಲ್ಲ, ಅದು ನಿಜವೇ? ಚಿತ್ರದುರ್ಗದ ಕಲ್ಲು ತೇಲುತ್ತದೆಯೇ?

ತೇಲುವ ಕಲ್ಲು ಉಂಟು. ಜ್ವಾಲಾಮುಖಿಯಿಂದ ನೊರೆಯುಕ್ಕಿ ಬಂದ ಶಿಲಾರಸ ಹಾಗೆಯೇ ಹೆಪ್ಪುಗಟ್ಟಿದರೆ ಪ್ಯೂಮಿಸ್ ಎಂಬ ಕಲ್ಲಾಗುತ್ತದೆ. ಅದರ ತುಂಬ ಗುಳ್ಳೆಗಳು, ಬಹಳಷ್ಟು ಮುಚ್ಚಿದ ಗುಳ್ಳೆಗಳು. ನೀರಿಗೆ ಪ್ರವೇಶವಿಲ್ಲ. ನಮ್ಮ ಇಟ್ಟಿಗೆಯಲ್ಲೂ ಗುಳ್ಳೆಗಳಿವೆ, ಆದರೆ ಅವು ತೆರೆದವು. ಅದಕ್ಕೇ ಇಟ್ಟಿಗೆ ನೀರಿಗೆ ಬಿದ್ದರೆ ಬುಸುಗುಡುತ್ತಾ ನೀರು ಕುಡಿಯುತ್ತದೆ.

ದುರ್ಗದ ಕೋಟೆಯ ಬಂಡೆ ಗ್ರಾನೈಟ್ ಜಾತಿಯದು, ಸಾಂದ್ರತೆ 2.65ರ ಆಸುಪಾಸು. ತೇಲುವ ಮಾತೇ ಇಲ್ಲ. ಆದರೆ ನೀರಿನಲ್ಲಿ ಅದು ಹಗುರವಾಗುವ ಬಗೆ ನೋಡಿ: ನೆಲದ ಮೇಲೆ 26.5 ಕಿಲೋ ಇರುವ ಕಲ್ಲು ನೀರಿನೊಳಗೆ 16.5 ಕಿಲೋ ಮಾತ್ರ. ಬಟ್ಟೆ ಒಗೆಯುವ ಕಲ್ಲನ್ನು ಹೊಳೆಯೊಳಗೆ ಸುಲಭವಾಗಿ ಸರಿಸಿದವರು ದಡಕ್ಕೆ ಎತ್ತಲು ಹೋಗಿ ಸೊಂಟ ಹಿಡಿದುಕೊಳ್ಳುವುದು ಇದರಿಂದಲೇ. ಪ್ರವಾಹ ಬಂಡೆಗಳನ್ನು ಉರುಳಿಸಿಕೊಂಡು ಹೋಗುವುದಕ್ಕೂ ಇದು ಅನುಕೂಲ.

ಹಾಗಾದರೆ ವಾಣಿವಿಲಾಸ ಸಾಗರ ತುಂಬಿದಾಗ ಅಣೆಕಟ್ಟೆಯೂ ಹಗುರವಾಗುತ್ತದೆಯೇ?

ಹಿರಿಯೂರಿನ ಒಬ್ಬ ಹುಡುಗ, 2022ರಲ್ಲಿ ಕೋಡಿ ಬಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ನೋಡಿದವನು, ಕೇಳಿದ ಪ್ರಶ್ನೆ ಇದು. ಅದಕ್ಕೂ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. 1907ರಲ್ಲಿ ಮುಗಿದ ಆ ಕಲ್ಲಿನ ಕಟ್ಟೆ ತನ್ನ ತೂಕದ ಬಲದಿಂದಲೇ ನೀರನ್ನು ತಡೆದು ನಿಂತಿದೆ. ನೀರು ಮುಂದಿನಿಂದ ಒತ್ತಿದರೆ ಕಟ್ಟೆಗೆ ಪಕ್ಕದ ನೂಕು ಮಾತ್ರ. ಮೇಲ್ನೂಕು ಬರಬೇಕಾದರೆ ನೀರು ಕಟ್ಟೆಯ ಕೆಳಗೆ ಹೊಕ್ಕಬೇಕು. ಅಡಿಪಾಯದ ಬಿರುಕುಗಳಲ್ಲಿ ಒಂದಿಷ್ಟು ನೀರು ಜಿನುಗಿ ಹಾಗೆ ನೂಕುತ್ತದೆ ನಿಜ. ಈ ಬಗೆಯ ಅಣೆಕಟ್ಟೆಗಳನ್ನು ಕಟ್ಟುವ ಎಂಜಿನಿಯರುಗಳು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಬಕೆಟ್ಟಿನ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡ ರಬ್ಬರ್ ಬಿಲ್ಲೆ ನೀರು ತುಂಬಿದರೂ ಮೇಲೇಳದಿರುವುದೂ ಇದೇ ಕಾರಣಕ್ಕೆ.

ಮರವೆಲ್ಲಾ ತೇಲುತ್ತದೆಯೇ?

ಇಲ್ಲ. ನಮ್ಮ ಬಯಲುಸೀಮೆಯ ಕಮರದ ಚೇಗನ್ನು ನೀರಿಗೆ ಹಾಕಿ ನೋಡಿ, ಕಲ್ಲಿನಂತೆ ಇಳಿಯುತ್ತದೆ. ರಕ್ತಚಂದನವೂ ಹಾಗೆಯೇ.

ಈಜು ಕಲಿಯುವಾಗ ಬೆಂಡು ಕಟ್ಟುತ್ತಾರೆ. ಮನುಷ್ಯ ತೇಲುತ್ತಾನೋ ಮುಳುಗುತ್ತಾನೋ?

ಎರಡರ ಗಡಿಯಲ್ಲಿದ್ದಾನೆ. ಎದೆ ತುಂಬ ಉಸಿರು ಹಿಡಿದರೆ ಬಹುತೇಕರು ನೀರಿಗಿಂತ ತುಸು ಹಗುರ, ಉಸಿರು ಪೂರ್ತಿ ಬಿಟ್ಟರೆ ತುಸು ಭಾರ. ಹಗುರ ಎಂದರೂ ನೀರಿನಿಂದ ಮೇಲೆ ನಿಲ್ಲುವುದು ಮೈಯ ನೂರರಲ್ಲಿ ಎರಡು ಮೂರು ಪಾಲು ಮಾತ್ರ. ಆ ಎರಡು ಮೂರು ಪಾಲು ಮೂಗು, ಬಾಯಿ ಆಗಿರಬೇಕು. ಗಾಬರಿಯಾದವರು ಎರಡೂ ಕೈ ಮೇಲೆತ್ತಿ ಕೂಗುತ್ತಾರೆ. ಕೈ ಮೇಲೆ ಹೋದಷ್ಟೂ ಮುಖ ಕೆಳಗೆ ಹೋಗುತ್ತದೆ, ಕೂಗಿದಷ್ಟೂ ಉಸಿರು ಖಾಲಿ.

ನಾವು ಕಲಿಯುವಾಗ ಒಣಗಿದ ಕತ್ತಾಳೆ ಕಂಬದ ಬೆಂಡನ್ನು ಬೆನ್ನಿಗೆ ಕಟ್ಟಿ ಬಾವಿಗೆ ನೂಕುತ್ತಿದ್ದರು. ಕೆಲವರಿಗೆ ಸೋರೆಬುರುಡೆ. ಎರಡರಲ್ಲೂ ಇರುವುದು ನೀರಿಗೆ ಸಿಗದ ಗಾಳಿಯೇ. ಮುಚ್ಚಳ ಬಿಗಿಯಾದ ಐದು ಲೀಟರಿನ ಖಾಲಿ ಕ್ಯಾನ್ ಐದು ಕಿಲೋದಷ್ಟು ಎತ್ತಿಹಿಡಿಯುತ್ತದೆ, ಒಬ್ಬನ ಮುಖ ನೀರಿನ ಮೇಲೆ ನಿಲ್ಲಲು ಅಷ್ಟು ಧಾರಾಳ ಸಾಕು. ಕಾಲುವೆಯಲ್ಲೋ ಸೂಳೆಕೆರೆಯಲ್ಲೋ ಯಾರಾದರೂ ಬಿದ್ದರೆ ಹಾರಬೇಡಿ. ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ. ಹಗ್ಗವಿಲ್ಲದಿದ್ದರೆ ಸೀರೆ, ಪಂಚೆ.

ಮುಳುಗಿ ಸತ್ತವರ ದೇಹ ಮತ್ತೆ ಮೇಲೆ ಬರುವುದೇಕೆ ಎಂದು ಮಕ್ಕಳು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಮುಚ್ಚಿಡುವುದಿಲ್ಲ. ದೇಹ ಕೊಳೆಯುವಾಗ ಒಳಗೆ ಅನಿಲ ತುಂಬುತ್ತದೆ, ತೂಕ ಅಷ್ಟೇ ಇದ್ದು ಜಾಗ ಹೆಚ್ಚುತ್ತದೆ.

ಲೋಟದಲ್ಲಿ ತೇಲುವ ಐಸ್ ಕರಗಿದರೆ ನೀರು ಚೆಲ್ಲುತ್ತದೆಯೇ?

ಚೆಲ್ಲುವುದಿಲ್ಲ. ಐಸ್ ತನ್ನ ತೂಕದಷ್ಟೇ ನೀರನ್ನು ಸರಿಸಿ ಕುಳಿತಿದೆ, ಕರಗಿದಾಗ ಆಗುವುದೂ ಅಷ್ಟೇ ನೀರು. ತಾನು ಮಾಡಿದ ಗುಂಡಿಯನ್ನು ತಾನೇ ತುಂಬುತ್ತದೆ. ಐಸಿನ ಸಾಂದ್ರತೆ 0.917. ಹನ್ನೆರಡು ಪಾಲಿನಲ್ಲಿ ಹನ್ನೊಂದು ಒಳಗೆ, ಒಂದು ಹೊರಗೆ. ಆಲಿಕಲ್ಲು ಬಿದ್ದ ದಿನ ಬಟ್ಟಲಲ್ಲಿ ಹಿಡಿದು ನೋಡಿ.

ಸೂಜಿ ನೀರಿನ ಮೇಲೆ ನಿಲ್ಲುತ್ತದಲ್ಲ? ಅದು ಉಕ್ಕು!

ಅದು ತೇಲುತ್ತಿಲ್ಲ. ನೀರಿನ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸಿ ಹೊತ್ತುಕೊಂಡಿದೆ. ಒಂದು ಹನಿ ಸೋಪಿನ ನೀರು ಬಿಡಿ, ಪೊರೆ ಸಡಿಲವಾಗಿ ಸೂಜಿ ತಳಕ್ಕೆ.

ಸಾಂದ್ರತೆಗೆ ಮಣ್ಣೆರಚುವ ಇಂಥದೇ ಇನ್ನೊಂದು ಸಂಗತಿ ತಾಮ್ರದ ಅದಿರಿನದು. ಚಿತ್ರದುರ್ಗದ ಪಕ್ಕದ ಇಂಗಳದಾಳ್‌ನಲ್ಲಿ ತಾಮ್ರದ ಗಣಿ ನಡೆದದ್ದು ಹಿರಿಯರಿಗೆ ನೆನಪಿದೆ. ತಾಮ್ರದ ಮುಖ್ಯ ಅದಿರಾದ ಚಾಲ್ಕೊಪೈರೈಟ್ ಖನಿಜದ ಸಾಂದ್ರತೆ 4.2, ಜೊತೆಗಿರುವ ಬೆಣಚುಕಲ್ಲಿನದು 2.65. ಪುಡಿ ಮಾಡಿ ನೀರಿಗೆ ಹಾಕಿದರೆ ಭಾರವಾದ ಅದಿರು ತಳ ಸೇರಬೇಕಲ್ಲ? ಈ ಬಗೆಯ ಅದಿರನ್ನು ಹಸನು ಮಾಡುವವರು ಅದಿರಿನ ಕಣಕ್ಕೆ ನೀರು ಅಂಟದಂತೆ ಮಾಡುವ ರಾಸಾಯನಿಕ ಬೆರೆಸಿ, ತಳದಿಂದ ಗಾಳಿ ಊದಿ ನೊರೆ ಎಬ್ಬಿಸುತ್ತಾರೆ. ಅದಿರಿನ ಕಣ ಗುಳ್ಳೆಯನ್ನು ಅಪ್ಪಿಕೊಂಡು ಮೇಲೇಳುತ್ತದೆ, ಹಗುರವಾದ ಬೆಣಚು ಕೆಳಗೇ ಉಳಿಯುತ್ತದೆ. ಕಣವೂ ಗುಳ್ಳೆಯೂ ಸೇರಿ ಒಂದೇ ವಸ್ತು ಎಂದುಕೊಂಡರೆ ಮತ್ತೆ ನಮ್ಮ ಹಳೆಯ ಲೆಕ್ಕಕ್ಕೇ ಬರುತ್ತೇವೆ.

ಮಣ್ಣು ನೀರಿಗಿಂತ ಭಾರ. ಮತ್ತೆ ಕೆರೆಯ ಕೆಂಪು ನೀರು ವಾರವಾದರೂ ತಿಳಿಯಾಗುವುದಿಲ್ಲವೇಕೆ?

ಮುಳುಗುತ್ತಲೇ ಇದೆ, ಅವಸರವಿಲ್ಲ ಅಷ್ಟೇ. ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿನಷ್ಟಿರುವ ಜೇಡಿಯ ಕಣ ನಿಂತ ನೀರಿನಲ್ಲಿ 10 ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ ಬೇಕು. ಒಂದು ಮೀಟರಿಗೆ ಮೂರು ದಿನಕ್ಕಿಂತ ಹೆಚ್ಚು, ಅದೂ ಗಾಳಿ ಬೀಸದೆ, ಎಮ್ಮೆ ಇಳಿಯದೆ ಇದ್ದರೆ. ತೇಲುವುದೋ ಮುಳುಗುವುದೋ ಎಂಬುದನ್ನು ಸಾಂದ್ರತೆ ಹೇಳುತ್ತದೆ, ಎಷ್ಟು ಹೊತ್ತಿಗೆ ಎಂಬುದನ್ನು ಕಣದ ಗಾತ್ರ ಹೇಳುತ್ತದೆ. ಹಂಡೆಯ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕುವುದು, ಪಟಿಕ ಆಡಿಸುವುದು ಇದಕ್ಕೇ. ಸಣ್ಣ ಕಣಗಳು ಗುಂಪುಗೂಡಿ ದೊಡ್ಡದಾಗಿ ಬೇಗ ಇಳಿಯುತ್ತವೆ.

ಗಾಳಿಯಲ್ಲೂ ತೇಲುವುದು, ಮುಳುಗುವುದು ಇದೆಯೇ?

ಇದೆ. ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲಕ್ಕೆ ಮುಳುಗಿ ಬಾಗಿಲ ಕೆಳಗೆ ಹರಿಯುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ ಬಾಗಿಲುಗಳನ್ನು ಅಗಲವಾಗಿ ತೆರೆಯಿರಿ; ಮೇಲಿನ ಗವಾಕ್ಷಿಯೊಂದನ್ನೇ ನೆಚ್ಚಿಕೊಂಡರೆ ಸಾಲದು.

ಪ್ರಯೋಗಕ್ಕೆ ಬಳಸಿದ ಮೊಟ್ಟೆ, ಬೇಳೆ, ಮಂಡಕ್ಕಿಯನ್ನು ಏನು ಮಾಡುತ್ತೀರಿ?

ಬೇಳೆ ಬಿಸಿಯೂಟದ ಸಾರಿಗೆ, ಮೊಟ್ಟೆ ತೊಳೆದು ಅಲ್ಲೇ ಬೇಯಲು. ಮಂಡಕ್ಕಿ ಪ್ರಯೋಗದವರೆಗೆ ಉಳಿದರೆ ಹೆಚ್ಚು, ಅದಕ್ಕೇ ಈಗ ಎರಡು ಸೇರು ಒಯ್ಯುತ್ತೇನೆ.